ಒಂದು ದ್ವೀಪದ ತೀರ್ಮಾನ

ಒಂದು ನಾಡು ತನ್ನ ಪಾಡಿಗೆ ತಾನು ಸ್ವತಂತ್ರವಾಗಿ ಬಾಳಬೇಕೆ, ಇಲ್ಲವೆ ನೆರೆಯ ದೊಡ್ಡ ನಾಡಿನೊಡನೆ ಕೂಡಿಕೊಳ್ಳಬೇಕೆ? ಈ ಪ್ರಶ್ನೆ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆಯೆತ್ತಿದೆ. ಬಹುಮಟ್ಟಿಗೆ ಅದಕ್ಕೆ ಉತ್ತರ ಕೊಟ್ಟವರು ಅರಸರು ಮತ್ತು ಸೇನಾಪತಿಗಳು. ಸಾಮಾನ್ಯ ಪ್ರಜೆಯ ಅಭಿಪ್ರಾಯವನ್ನು ಕೇಳಿದ ಸಂದರ್ಭಗಳು ವಿರಳ. ಆದರೆ 1948ರ ಬೇಸಗೆಯಲ್ಲಿ ಅಟ್ಲಾಂಟಿಕ್ ಮಹಾಸಾಗರದ ಒಂದು ದ್ವೀಪದಲ್ಲಿ ಬೆಸ್ತರು, ಮರ ಕಡಿಯುವವರು, ಗೃಹಿಣಿಯರು, ವರ್ತಕರು ಎರಡು ಬಾರಿ ಮತಗಟ್ಟೆಗೆ ನಡೆದು ಈ ಪ್ರಶ್ನೆಗೆ ತಾವೇ ಉತ್ತರ ಕೊಟ್ಟರು. ಆ ದ್ವೀಪದ ಹೆಸರು ನ್ಯೂಫೌಂಡ್‌ಲೆಂಡ್.

ಉತ್ತರ ಅಮೆರಿಕ ಖಂಡದ ಪೂರ್ವದ ಅಂಚಿನಲ್ಲಿ, ಕೆನಡಾದ ಕರಾವಳಿಗೆ ಸಮೀಪವಾಗಿ ಈ ದ್ವೀಪವಿದೆ. ಇದರ ವಿಸ್ತೀರ್ಣ ಸುಮಾರು 1,09,000 ಚದರ ಕಿಲೋಮೀಟರು. ಎದುರಿನ ಭೂಖಂಡದ ಮೇಲಿರುವ ಲ್ಯಾಬ್ರಡಾರ್ ಎಂಬ ವಿಶಾಲ ಪ್ರದೇಶವೂ ಇದಕ್ಕೆ ಸೇರಿದುದು. ಇಲ್ಲಿಯ ನೆಲ ಬಂಡೆಗಲ್ಲುಗಳಿಂದ ತುಂಬಿದೆ. ಬೇಸಾಯಕ್ಕೆ ಒಗ್ಗುವ ಭೂಮಿ ಅತ್ಯಲ್ಪ. ದಟ್ಟವಾದ ಮಂಜು, ಉತ್ತರದಿಂದ ತೇಲಿ ಬರುವ ಹಿಮಗಡ್ಡೆಗಳು, ದೀರ್ಘವಾದ ಚಳಿಗಾಲ, ಇವು ಇಲ್ಲಿಯ ನಿತ್ಯದ ಸಂಗಾತಿಗಳು. ನೆಲ ಜಿಪುಣವಾದರೂ ಕಡಲು ಮಾತ್ರ ಉದಾರಿ. ದ್ವೀಪದ ಆಗ್ನೇಯಕ್ಕೆ ಸಮುದ್ರದ ತಳ ಎತ್ತರವಾಗಿದ್ದು, ನೀರಿನ ಆಳ ಕಡಿಮೆ. ಅಲ್ಲಿ ಉತ್ತರದ ತಣ್ಣನೆಯ ಪ್ರವಾಹವೂ ದಕ್ಷಿಣದ ಬೆಚ್ಚನೆಯ ಪ್ರವಾಹವೂ ಕೂಡುವುದರಿಂದ ‘ಕಾಡ್’ ಎಂಬ ಜಾತಿಯ ಮೀನು ಹೇರಳವಾಗಿ ಬೆಳೆಯುತ್ತಿತ್ತು. 1497ರಲ್ಲಿ ಜಾನ್ ಕ್ಯಾಬಟ್ ಎಂಬ ನಾವಿಕನು ಈ ಸಮುದ್ರದಲ್ಲಿ ಪಯಣಿಸಿ ಹಿಂದಿರುಗಿದ ಮೇಲೆ ಯೂರೋಪಿನ ಬೆಸ್ತರು ವರ್ಷವರ್ಷವೂ ಇಲ್ಲಿಗೆ ಬರತೊಡಗಿದರು. ಕಾಲಕ್ರಮದಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡುಗಳಿಂದ ಬಂದವರು ದ್ವೀಪದ ಅಂಚಿನುದ್ದಕ್ಕೂ ಸಾವಿರಕ್ಕೂ ಮಿಕ್ಕ ಸಣ್ಣ ಸಣ್ಣ ಹಳ್ಳಿಗಳನ್ನು ಕಟ್ಟಿಕೊಂಡು ನೆಲೆಸಿದರು. ಆ ಹಳ್ಳಿಗಳಲ್ಲಿ ಎಷ್ಟೋ ಊರುಗಳಿಗೆ ದೋಣಿಯ ಹೊರತು ಬೇರೆ ದಾರಿಯಿರಲಿಲ್ಲ.

ಈ ಬೆಸ್ತರ ಜೀವನಕ್ರಮವನ್ನು ತಿಳಿದರೆ ಮುಂದಿನ ವಾದವಿವಾದ ಅರ್ಥವಾಗುತ್ತದೆ. ವಸಂತಕಾಲದಲ್ಲಿ ಬೆಸ್ತನು ವರ್ತಕನ ಬಳಿಗೆ ಹೋಗಿ ಬಲೆ, ಹಗ್ಗ, ಉಪ್ಪು, ಹಿಟ್ಟು, ಬಟ್ಟೆಗಳನ್ನು ಸಾಲವಾಗಿ ತರುತ್ತಿದ್ದನು. ಬೇಸಗೆಯೆಲ್ಲ ದುಡಿದು, ಹಿಡಿದ ಮೀನಿಗೆ ಉಪ್ಪು ಹಚ್ಚಿ ಒಣಗಿಸಿ, ಶರತ್ಕಾಲದಲ್ಲಿ ಅದನ್ನು ಅದೇ ವರ್ತಕನಿಗೆ ಒಪ್ಪಿಸುತ್ತಿದ್ದನು. ಸಾಮಾನಿನ ಬೆಲೆಯನ್ನೂ ಮೀನಿನ ಬೆಲೆಯನ್ನೂ ಗೊತ್ತುಮಾಡುವವನು ವರ್ತಕನೇ. ಲೆಕ್ಕದ ಪುಸ್ತಕದಲ್ಲಿ ಜಮಾ ಖರ್ಚು ಬರೆದು ಮುಗಿಯುವ ಹೊತ್ತಿಗೆ ಬೆಸ್ತನ ಕೈಯಲ್ಲಿ ಉಳಿಯುತ್ತಿದ್ದುದು ಮುಂದಿನ ವರ್ಷದ ಸಾಲ ಮಾತ್ರ. ಜೀವಮಾನವೆಲ್ಲ ದುಡಿದರೂ ನಗದು ಹಣವನ್ನು ಹೆಚ್ಚಾಗಿ ಕಾಣದ ಕುಟುಂಬಗಳು ಅಲ್ಲಿ ಅನೇಕವಾಗಿದ್ದವು.

ಬಡತನವಿದ್ದರೂ ದ್ವೀಪಕ್ಕೆ ಸ್ವಾಭಿಮಾನದ ಕೊರತೆಯಿರಲಿಲ್ಲ. 1855ರಲ್ಲಿ ಅದಕ್ಕೆ ಜವಾಬ್ದಾರಿ ಸರ್ಕಾರ ದೊರೆಯಿತು. ಎಂದರೆ, ಜನರು ಆರಿಸಿದ ಶಾಸನಸಭೆಗೆ ಮಂತ್ರಿಮಂಡಲ ಉತ್ತರ ಹೇಳಬೇಕಾದ ವ್ಯವಸ್ಥೆ ಬಂದಿತು. ಈ ಮಾತು ಕನ್ನಡಿಗರಿಗೆ ಹೊಸದಲ್ಲ. 1947ರಲ್ಲಿ ಮೈಸೂರು ಸಂಸ್ಥಾನದ ಪ್ರಜೆಗಳು ಚಳವಳಿ ನಡೆಸಿದುದೂ ಜವಾಬ್ದಾರಿ ಸರ್ಕಾರಕ್ಕಾಗಿಯೇ. 1867ರಲ್ಲಿ ನೆರೆಯ ಬ್ರಿಟಿಷ್ ವಸಾಹತುಗಳು ಒಂದುಗೂಡಿ ಕೆನಡಾ ಒಕ್ಕೂಟವನ್ನು ರಚಿಸಿಕೊಂಡಾಗ ನ್ಯೂಫೌಂಡ್‌ಲೆಂಡಿಗೂ ಆಹ್ವಾನ ಬಂದಿತು. 1869ರ ಚುನಾವಣೆಯಲ್ಲಿ ಚಾರ್ಲ್ಸ್ ಫಾಕ್ಸ್ ಬೆನೆಟ್ ಎಂಬ ವರ್ತಕನ ನಾಯಕತ್ವದಲ್ಲಿ ಒಕ್ಕೂಟದ ವಿರೋಧಿಗಳು ದೊಡ್ಡ ಬಹುಮತದಿಂದ ಗೆದ್ದರು. ದ್ವೀಪ ಪ್ರತ್ಯೇಕವಾಗಿಯೇ ಉಳಿಯಿತು. ತನ್ನದೇ ನಾಣ್ಯ, ತನ್ನದೇ ಅಂಚೆಚೀಟಿ, ತನ್ನದೇ ಪ್ರಧಾನಮಂತ್ರಿ. 20ನೆಯ ಶತಮಾನದ ಆರಂಭದ ವೇಳೆಗೆ ಅದು ಬ್ರಿಟಿಷ್ ಸಾಮ್ರಾಜ್ಯದಲ್ಲಿ ಕೆನಡಾದ ಪಕ್ಕದಲ್ಲಿ ಸಮಾನವಾಗಿ ನಿಲ್ಲುವ ‘ಡೊಮಿನಿಯನ್’ ಎನಿಸಿಕೊಂಡಿತು.

ಮೊದಲನೆಯ ಮಹಾಯುದ್ಧದಲ್ಲಿ ಈ ಪುಟ್ಟ ನಾಡು ತನ್ನದೇ ಒಂದು ದಳವನ್ನು ಕಟ್ಟಿ ಯೂರೋಪಿಗೆ ಕಳುಹಿಸಿತು. 1916ರ ಜುಲೈ 1ರ ಬೆಳಗ್ಗೆ ಫ್ರಾನ್ಸಿನ ಬೊಮೊಂಟ್ ಹಾಮೆಲ್ ಎಂಬಲ್ಲಿ ಆ ದಳದ ಸುಮಾರು 800 ಮಂದಿ ಶತ್ರುವಿನ ಗುಂಡಿನ ಮಳೆಗೆ ಎದುರಾಗಿ ಮುನ್ನುಗ್ಗಿದರು. ಮರುದಿನ ಹೆಸರು ಕರೆದಾಗ ಓಗೊಟ್ಟವರು 68 ಮಂದಿ ಮಾತ್ರ. ಉಳಿದವರು ಸತ್ತಿದ್ದರು, ಗಾಯಗೊಂಡಿದ್ದರು, ಇಲ್ಲವೆ ಕಾಣೆಯಾಗಿದ್ದರು. ಒಬ್ಬರನ್ನೊಬ್ಬರು ಬಲ್ಲ ಸಣ್ಣ ನಾಡಿನಲ್ಲಿ ಈ ದುಃಖ ತಟ್ಟದ ಊರೇ ಇರಲಿಲ್ಲ.

ಯುದ್ಧ ಮುಗಿದರೂ ಯುದ್ಧಕ್ಕಾಗಿ ಮಾಡಿದ ಸಾಲ ಮುಗಿಯಲಿಲ್ಲ. ದ್ವೀಪವನ್ನು ಅಡ್ಡಹಾಯುವ ರೈಲುಮಾರ್ಗಕ್ಕಾಗಿ ಮಾಡಿದ ಸಾಲವೂ ಅದರ ಜೊತೆಗಿತ್ತು. 1930ರ ಸುಮಾರಿನಲ್ಲಿ ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು ತಲೆದೋರಿ ಮೀನಿನ ಬೆಲೆ ಕುಸಿಯಿತು. ಸರ್ಕಾರದ ಸಾಲ ಸುಮಾರು 10 ಕೋಟಿ ಡಾಲರುಗಳಿಗೆ ಏರಿತು. ಆದಾಯದ ಅರ್ಧಕ್ಕಿಂತ ಹೆಚ್ಚು ಭಾಗ ಬಡ್ಡಿಗೇ ಹೋಗುತ್ತಿತ್ತು. ನಿರ್ಗತಿಕರಿಗೆ ಸರ್ಕಾರ ಕೊಡುತ್ತಿದ್ದ ನೆರವು ಒಬ್ಬರಿಗೆ ದಿನಕ್ಕೆ ಸುಮಾರು 6 ಸೆಂಟು. 1932ರ ಏಪ್ರಿಲಿನಲ್ಲಿ ರಾಜಧಾನಿಯಾದ ಸೇಂಟ್ ಜಾನ್ಸ್ ನಗರದಲ್ಲಿ ಸಾವಿರಾರು ಜನ ಶಾಸನಸಭೆಯ ಕಟ್ಟಡಕ್ಕೆ ಮುತ್ತಿಗೆ ಹಾಕಿದರು. ಪ್ರಧಾನಮಂತ್ರಿ ರಿಚರ್ಡ್ ಸ್ಕ್ವೈರ್ಸ್ ಅವರು ಜನರ ಕೈಗೆ ಸಿಗದೆ ಪಾರಾದುದೇ ಹೆಚ್ಚು. ಮರುವರ್ಷ ಬ್ರಿಟನ್ ನೇಮಿಸಿದ ವಿಚಾರಣಾ ಆಯೋಗವು ಚುನಾಯಿತ ಸರ್ಕಾರವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕೆಂದು ಸಲಹೆ ಮಾಡಿತು. ಶಾಸನಸಭೆ ತಾನಾಗಿಯೇ ಅದಕ್ಕೆ ಒಪ್ಪಿಗೆ ಕೊಟ್ಟಿತು. 1934ರ ಫೆಬ್ರವರಿ 16ರಂದು ಗವರ್ನರನ ಅಧ್ಯಕ್ಷತೆಯಲ್ಲಿ ಮೂವರು ದ್ವೀಪವಾಸಿಗಳೂ ಮೂವರು ಬ್ರಿಟಿಷರೂ ಇದ್ದ ಒಂದು ಆಯೋಗ ಆಡಳಿತವನ್ನು ವಹಿಸಿಕೊಂಡಿತು. ನಾಡು ತನ್ನ ಕಾಲಮೇಲೆ ನಿಂತ ಬಳಿಕ, ಜನರು ಕೇಳಿದಾಗ, ಸ್ವಯಮಾಡಳಿತವನ್ನು ಹಿಂದಿರುಗಿಸಲಾಗುವುದೆಂಬುದು ಆಗ ಕೊಟ್ಟ ಮಾತು. ಹೊಟ್ಟೆಗಿಲ್ಲದ ಕಾಲದಲ್ಲಿ ಒಂದು ನಾಡು ತನ್ನ ಮತದ ಹಕ್ಕನ್ನೇ ಒತ್ತೆಯಿಟ್ಟಂತಾಯಿತು.

ಎರಡನೆಯ ಮಹಾಯುದ್ಧ ದ್ವೀಪದ ಸ್ಥಿತಿಯನ್ನು ಬದಲಿಸಿತು. ಅಟ್ಲಾಂಟಿಕಿನ ಹೆಬ್ಬಾಗಿಲಿನಂತಿರುವ ಈ ನೆಲದಲ್ಲಿ ಅಮೆರಿಕನ್ನರೂ ಕೆನಡಿಯನ್ನರೂ ಸೇನಾನೆಲೆಗಳನ್ನು ಕಟ್ಟಿದರು. ಸಾವಿರಾರು ಜನರಿಗೆ ನಗದು ಕೂಲಿ ದೊರೆಯಿತು, ಬೊಕ್ಕಸ ತುಂಬಿತು. ಇದೇ ಕಾಲದ ಒಂದು ಘಟನೆ ಗಮನಾರ್ಹವಾದುದು. 1941ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಮತ್ತು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಅವರು ಭೇಟಿಯಾಗಿ ಅಟ್ಲಾಂಟಿಕ್ ಸನ್ನದನ್ನು ರೂಪಿಸಿದುದು ಈ ದ್ವೀಪದ ಒಂದು ಕೊಲ್ಲಿಯಲ್ಲಿ, ಹಡಗುಗಳ ಮೇಲೆ. ಪ್ರತಿಯೊಂದು ಜನಾಂಗಕ್ಕೂ ತನ್ನ ಸರ್ಕಾರದ ಸ್ವರೂಪವನ್ನು ತಾನೇ ಆರಿಸಿಕೊಳ್ಳುವ ಹಕ್ಕಿದೆಯೆಂದು ಆ ಸನ್ನದು ಸಾರಿತು. ಆದರೆ ಹಡಗುಗಳು ಲಂಗರು ಹಾಕಿದ್ದ ನಾಡಿನಲ್ಲಿಯೇ ಆಗ ಜನರು ಆರಿಸಿದ ಸರ್ಕಾರವಿರಲಿಲ್ಲ.

ಯುದ್ಧಾನಂತರ ಮುಂದಿನ ದಾರಿಯನ್ನು ಪರ್ಯಾಲೋಚಿಸಲು ಒಂದು ರಾಷ್ಟ್ರೀಯ ಸಮಾವೇಶವನ್ನು ಕರೆಯಲಾಯಿತು. 1946ರ ಜೂನಿನಲ್ಲಿ ಜನರು 45 ಪ್ರತಿನಿಧಿಗಳನ್ನು ಆರಿಸಿದರು. ಅದೇ ವರ್ಷದ ಸೆಪ್ಟೆಂಬರಿನಿಂದ 1948ರ ಜನವರಿಯವರೆಗೆ ಸಮಾವೇಶ ನಡೆಯಿತು. ಅದರ ಚರ್ಚೆಗಳನ್ನು ಬಾನುಲಿಯ ಮೂಲಕ ಪ್ರಸಾರ ಮಾಡಿದುದರಿಂದ ದೂರದ ಹಳ್ಳಿಗಳ ಜನರೂ ತಮ್ಮ ಮನೆಗಳಲ್ಲಿ ಕುಳಿತು ತಮ್ಮ ನಾಡಿನ ಭವಿಷ್ಯದ ಮಾತುಗಳನ್ನು ಕೇಳಿದರು. ಹನ್ನೆರಡು ವರ್ಷ ಬಾಯಿಕಟ್ಟಿದ್ದ ನಾಡು ಮತ್ತೆ ಮಾತನಾಡತೊಡಗಿತು.

ಒಕ್ಕೂಟದ ಪರವಾಗಿ ಮುಂದೆ ನಿಂತವರು ಜೋಸೆಫ್ ಸ್ಮಾಲ್‌ವುಡ್ ಎಂಬ ಪತ್ರಕರ್ತರು. ಬಾನುಲಿಯಲ್ಲಿ ನಾಡಿನ ಕಥೆಗಳನ್ನು ಹೇಳಿ ಮನೆಮಾತಾಗಿದ್ದ ಅವರ ವಾದ ಅಡುಗೆಮನೆಯಿಂದ ಹೊರಟಿತ್ತು. ‘ಕೆನಡಾದಲ್ಲಿ ಪ್ರತಿಯೊಂದು ಮಗುವಿನ ಹೆಸರಿನಲ್ಲಿ ತಿಂಗಳಿಗೆ 5ರಿಂದ 8 ಡಾಲರುಗಳ ಭತ್ಯ ತಾಯಿಯ ಕೈಗೆ ಬರುತ್ತದೆ. ವೃದ್ಧರಿಗೆ ಪಿಂಚಣಿಯಿದೆ, ನಿರುದ್ಯೋಗಿಗೆ ವಿಮೆಯಿದೆ. ವರ್ತಕರ ಸ್ವಾತಂತ್ರ್ಯದಿಂದ ಬಡವನಿಗೆ ಏನು ಸಿಕ್ಕಿದೆ?’ ಎಂಬುದು ಅವರ ಪಕ್ಷದ ಪ್ರಶ್ನೆ. ನಗದು ಹಣವನ್ನೇ ಕಾಣದ ಬೆಸ್ತರ ಮನೆಗಳಲ್ಲಿ ಈ ಮಾತು ನಾಟಿದುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಎದುರಾಗಿ ನಿಂತವರಲ್ಲಿ ಪೀಟರ್ ಕ್ಯಾಶಿನ್ ಪ್ರಮುಖರು. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ ಮೇಜರ್ ಪದವಿಗೇರಿದ್ದ ಅವರು ಒಮ್ಮೆ ನಾಡಿನ ಹಣಕಾಸು ಮಂತ್ರಿಗಳಾಗಿದ್ದವರು. ಬ್ರಿಟನ್ ಕೊಟ್ಟ ಮಾತಿನಂತೆ ಮೊದಲು ಜವಾಬ್ದಾರಿ ಸರ್ಕಾರ ಹಿಂದಿರುಗಿ ಬರಲಿ ಎಂಬುದು ಅವರ ವಾದ. ‘ಬೊಕ್ಕಸದಲ್ಲಿ ಈಗ ಹಣವಿದೆ. ಕೆನಡಾದೊಡನೆ ಮಾತುಕತೆ ಬೇಕೆಂದರೆ ನಮ್ಮ ಚುನಾಯಿತ ಸರ್ಕಾರ ಸರಿಸಮನಾಗಿ ಕುಳಿತು ಆಡಲಿ. ಇಂದು ಭತ್ಯಕ್ಕೆ ಆಸೆಪಟ್ಟು ಸೇರಿದರೆ ನಾಳೆ ನಮ್ಮ ಮೀನು, ನಮ್ಮ ಸುಂಕ, ನಮ್ಮ ಕಾನೂನುಗಳ ಬಗ್ಗೆ ತೀರ್ಮಾನ ಮಾಡುವವರು ದೂರದ ಆಟವಾದಲ್ಲಿ ಇರುತ್ತಾರೆ’ ಎಂದು ಈ ಪಕ್ಷದವರು ಎಚ್ಚರಿಸಿದರು. ಚೆಸ್ಲಿ ಕ್ರಾಸ್‌ಬಿ ಎಂಬ ವ್ಯಾಪಾರೋದ್ಯಮಿಯ ನಾಯಕತ್ವದಲ್ಲಿ ಇನ್ನೊಂದು ಗುಂಪು, ಸ್ವಯಮಾಡಳಿತವನ್ನು ಪಡೆದು ಅಮೆರಿಕದೊಡನೆ ಆರ್ಥಿಕ ಸಂಬಂಧವನ್ನು ಬೆಳೆಸಬೇಕೆಂದು ವಾದಿಸಿತು.

ವಿಚಾರ ಮಾಡಿ ನೋಡಿದರೆ ಈ ಎರಡು ಪಕ್ಷಗಳಲ್ಲಿ ಯಾವುದೂ ನಾಡಿನ ವೈರಿಯಲ್ಲ. ಹಸಿದ ಮಗುವಿಗೆ ಮೊದಲು ಹಾಲು ಬೇಕೆಂದವರು ಒಂದು ಕಡೆ. ಮನೆಯ ಬೀಗದಕೈಯನ್ನು ಬೇರೆಯವರಿಗೆ ಕೊಟ್ಟ ಮೇಲೆ ಹಾಲಿನ ಪಾತ್ರೆ ಯಾರ ವಶದಲ್ಲಿರುತ್ತದೆಂದು ಕೇಳಿದವರು ಇನ್ನೊಂದು ಕಡೆ.

ಸಮಾವೇಶವು ಒಕ್ಕೂಟದ ಪ್ರಶ್ನೆಯನ್ನು ಜನರ ಮುಂದಿಡುವುದು ಬೇಡವೆಂದು 29–16 ಮತಗಳಿಂದ ತೀರ್ಮಾನಿಸಿತು. ಸ್ಮಾಲ್‌ವುಡ್ ಅವರ ಸಂಗಡಿಗರು ಬಾನುಲಿಯ ಮೂಲಕ ಜನರಿಗೆ ಕರೆಕೊಟ್ಟರು. ಸುಮಾರು 50,000 ಜನರ ಹೆಸರುಗಳುಳ್ಳ ಮನವಿ ಸಿದ್ಧವಾಯಿತು. ಕೊನೆಗೆ ಬ್ರಿಟಿಷ್ ಸರ್ಕಾರ ಸಮಾವೇಶದ ಸಲಹೆಯನ್ನು ಮೀರಿ ಒಕ್ಕೂಟವನ್ನೂ ಮತಪತ್ರದಲ್ಲಿ ಸೇರಿಸಿತು. ಬ್ರಿಟನ್ ಮತ್ತು ಕೆನಡಾಗಳೆರಡೂ ಒಳಗೊಳಗೆ ಒಕ್ಕೂಟವನ್ನೇ ಬಯಸಿದ್ದವೆಂಬುದು ಆಮೇಲೆ ಬೆಳಕಿಗೆ ಬಂದ ಸರ್ಕಾರಿ ಕಾಗದಪತ್ರಗಳಿಂದ ತಿಳಿದುಬರುತ್ತದೆ. ಸೋತವರ ಮನಸ್ಸಿನಲ್ಲಿ ಬಹುಕಾಲ ಉಳಿದ ಕಹಿಗೆ ಇದೂ ಒಂದು ಕಾರಣ. ಆದರೆ ಮತಗಳ ಎಣಿಕೆಯಲ್ಲಿಯೇ ಮೋಸ ನಡೆಯಿತೆಂಬ ಆಪಾದನೆಗೆ ಆಧಾರ ದೊರೆತಿಲ್ಲ.

1948ರ ಜೂನ್ 3ರಂದು ಮೊದಲ ಜನಮತಗಣನೆ ನಡೆಯಿತು. ಮತಪತ್ರದಲ್ಲಿ ಮೂರು ಆಯ್ಕೆಗಳಿದ್ದವು. ಜವಾಬ್ದಾರಿ ಸರ್ಕಾರಕ್ಕೆ 69,400, ಒಕ್ಕೂಟಕ್ಕೆ 64,066, ಆಯೋಗದ ಆಡಳಿತದ ಮುಂದುವರಿಕೆಗೆ 22,311 ಮತಗಳು ಬಿದ್ದವು. ಯಾವ ಪಕ್ಷಕ್ಕೂ ಅರ್ಧಕ್ಕಿಂತ ಹೆಚ್ಚು ಮತ ಬಾರದ ಕಾರಣ ನಿಯಮದಂತೆ ಕಡಿಮೆ ಮತ ಪಡೆದ ಮೂರನೆಯ ಆಯ್ಕೆಯನ್ನು ಕೈಬಿಟ್ಟು ಮತ್ತೊಮ್ಮೆ ಜನರ ಮುಂದೆ ಹೋಗಬೇಕಾಯಿತು.

ನಡುವಣ ಏಳು ವಾರಗಳು ದ್ವೀಪದ ಚರಿತ್ರೆಯಲ್ಲಿ ಅತ್ಯಂತ ಕಾವೇರಿದ ಕಾಲ. ಅಣ್ಣತಮ್ಮಂದಿರ ನಡುವೆ ಮಾತು ನಿಂತ ಮನೆಗಳಿದ್ದವು. ವಿಷಾದದ ಸಂಗತಿಯೆಂದರೆ, ಧರ್ಮವೂ ಕಣಕ್ಕೆ ಇಳಿಯಿತು. ಕ್ಯಾಥೊಲಿಕ್ ಧರ್ಮಾಧಿಕಾರಿಗಳಲ್ಲಿ ಪ್ರಮುಖರಾದವರು ಒಕ್ಕೂಟವನ್ನು ವಿರೋಧಿಸಿದರು. ಅದನ್ನೇ ಎತ್ತಿ ತೋರಿಸಿ ಪ್ರಾಟೆಸ್ಟೆಂಟರ ಒಂದು ಸಂಘಟನೆ ತನ್ನವರನ್ನು ಒಕ್ಕೂಟದ ಕಡೆಗೆ ಸೆಳೆಯಿತು. ಆದರೂ ಜನರು ಮಂದೆಯಂತೆ ನಡೆಯಲಿಲ್ಲ. ಪಶ್ಚಿಮ ತೀರದ ಕ್ಯಾಥೊಲಿಕರಲ್ಲಿ ಬಹಳ ಮಂದಿ ಒಕ್ಕೂಟಕ್ಕೇ ಮತ ಕೊಟ್ಟರು.

ಜುಲೈ 22ರಂದು ಎರಡನೆಯ ಮತದಾನವಾಯಿತು. ಒಕ್ಕೂಟಕ್ಕೆ 78,323, ಜವಾಬ್ದಾರಿ ಸರ್ಕಾರಕ್ಕೆ 71,334. ಅಂತರ 6,989 ಮತಗಳು ಮಾತ್ರ. ಶೇಕಡ ಲೆಕ್ಕದಲ್ಲಿ 52ಕ್ಕೆ 48. 25 ಕ್ಷೇತ್ರಗಳ ಪೈಕಿ 18ರಲ್ಲಿ ಒಕ್ಕೂಟ ಗೆದ್ದಿತು. ಸೇಂಟ್ ಜಾನ್ಸ್ ನಗರವಿರುವ ಅವಲಾನ್ ಪರ್ಯಾಯದ್ವೀಪದ ಜನ ಹೆಚ್ಚಾಗಿ ಸ್ವಯಮಾಡಳಿತವನ್ನು ಬಯಸಿದರು. ದೂರದ ತೀರಗಳ ಜನ ಒಕ್ಕೂಟವನ್ನು ಬಯಸಿದರು.

ಇಷ್ಟು ಅಲ್ಪ ಬಹುಮತದಿಂದ ಒಂದು ನಾಡಿನ ಸ್ವರೂಪವನ್ನೇ ಬದಲಿಸಬಹುದೆ? ಈ ಪ್ರಶ್ನೆಯನ್ನು ಅಂದೂ ಕೇಳಿದರು, ಇಂದೂ ಕೇಳುವವರಿದ್ದಾರೆ. ಅದಕ್ಕೆ ಉತ್ತರವಾಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ: ಹೆಚ್ಚಿನವರ ಮಾತನ್ನು ಬದಿಗಿಟ್ಟು ಕಡಮೆಯವರ ಮಾತನ್ನು ನಡೆಸುವುದು ನ್ಯಾಯವೆ? ಅಂತರ ಸಣ್ಣದಾದಷ್ಟೂ ಗೆದ್ದವರ ಹೊಣೆ ದೊಡ್ಡದಾಗುತ್ತದೆ ಎಂಬುದಂತೂ ನಿಜ.

1948ರ ಡಿಸೆಂಬರ್ 11ರಂದು ಒಟ್ಟಾವದಲ್ಲಿ ಒಡಂಬಡಿಕೆಗೆ ಸಹಿಯಾಯಿತು. ದ್ವೀಪದ ಏಳು ಪ್ರತಿನಿಧಿಗಳಲ್ಲಿ ಕ್ರಾಸ್‌ಬಿಯವರು ಮಾತ್ರ ಸಹಿ ಮಾಡಲಿಲ್ಲ. ಕೆನಡಾದ ಕೆಳಮನೆಯಲ್ಲಿ ಏಳು ಸ್ಥಾನ, ಮೇಲ್ಮನೆಯಲ್ಲಿ ಆರು ಸ್ಥಾನ, ಸಾಲದ ಭಾರದಲ್ಲಿ ಪಾಲು, ಕೊನೆಗೆ ಕೆನಡಾದಲ್ಲಿ ನಿಷಿದ್ಧವಾಗಿದ್ದ ಕೃತಕ ಬೆಣ್ಣೆಯನ್ನು ದ್ವೀಪದಲ್ಲಿ ತಯಾರಿಸಿ ಮಾರಲು ಅನುಮತಿ, ಹೀಗೆ ಆಡಳಿತದಿಂದ ಅಡುಗೆಮನೆಯವರೆಗಿನ ವಿಷಯಗಳು ಅದರಲ್ಲಿದ್ದವು. ಆದರೆ ಈ ನೆಲದ ಮೂಲನಿವಾಸಿಗಳಾದ ಮಿಕ್‌ಮಾ, ಇನ್ನು ಮತ್ತು ಇನುಯಿಟ್ ಜನರ ವಿಷಯವಾಗಿ ಒಂದು ಮಾತೂ ಇರಲಿಲ್ಲ. ಎರಡು ಪಕ್ಷಗಳೂ ನಾಡಿನ ಹಿತವನ್ನು ಕುರಿತು ಇಷ್ಟೊಂದು ವಾದಿಸಿದಾಗ, ನಾಡಿನ ಮೊದಲ ಮಕ್ಕಳನ್ನು ಯಾರೂ ನೆನೆಯಲಿಲ್ಲ.

1949ರ ಮಾರ್ಚ್ 31ರ ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ನ್ಯೂಫೌಂಡ್‌ಲೆಂಡ್ ಕೆನಡಾದ ಹತ್ತನೆಯ ಪ್ರಾಂತವಾಯಿತು. ಮರುದಿನ ಬೆಳಗ್ಗೆ ಸೇಂಟ್ ಜಾನ್ಸ್ ನಗರದ ಕೆಲವು ಮನೆಗಳ ಮುಂದೆ ಶೋಕಸೂಚಕವಾದ ಕಪ್ಪು ಬಟ್ಟೆ ತೂಗುತ್ತಿತ್ತು. ಅದೇ ಹೊತ್ತಿಗೆ ದೂರದ ಹಳ್ಳಿಗಳ ತಾಯಂದಿರು ಮಕ್ಕಳ ಭತ್ಯವನ್ನು ಎದುರುನೋಡುತ್ತಿದ್ದರು.

ಮುಂದಿನ ಕಾಲ ಎರಡು ಪಕ್ಷಗಳ ಮಾತನ್ನೂ ಭಾಗಶಃ ನಿಜಮಾಡಿತು. ಸ್ಮಾಲ್‌ವುಡ್ ಅವರು ಪ್ರಾಂತದ ಮೊದಲ ಮುಖ್ಯಮಂತ್ರಿಗಳಾಗಿ 1972ರವರೆಗೆ ಆಳಿದರು. ಶಾಲೆಗಳು, ಆಸ್ಪತ್ರೆಗಳು, ವಿಶ್ವವಿದ್ಯಾನಿಲಯ, ದ್ವೀಪವನ್ನು ಅಡ್ಡಹಾಯುವ ಹೆದ್ದಾರಿ ಬಂದವು. ಹಳೆಯ ಸಾಲಪದ್ಧತಿ ಸಡಿಲಿತು. ಆದರೆ 1954 ಮತ್ತು 1975ರ ನಡುವೆ ಸೌಕರ್ಯಗಳ ಹೆಸರಿನಲ್ಲಿ ಸುಮಾರು 300 ಹಳ್ಳಿಗಳು ಬರಿದಾದವು. ಕೆಲವರು ತಮ್ಮ ಮನೆಗಳನ್ನೇ ನೀರಿನ ಮೇಲೆ ತೇಲಿಸಿಕೊಂಡು ಹೊಸ ಊರುಗಳಿಗೆ ಹೋದರು. ಕಡಲ ಮೀನುಗಾರಿಕೆಯ ಆಡಳಿತ ಒಟ್ಟಾವದ ಕೈಯಲ್ಲಿತ್ತು. ವಿದೇಶಗಳ ಮತ್ತು ಸ್ವದೇಶದ ಯಂತ್ರನೌಕೆಗಳು ಮಿತಿಮೀರಿ ಹಿಡಿದುದರಿಂದ ಕಾಡ್ ಮೀನು ಕ್ಷಯಿಸಿ, 1992ರ ಜುಲೈ 2ರಂದು ಕೆನಡಾ ಸರ್ಕಾರ ಅದನ್ನು ಹಿಡಿಯುವುದನ್ನೇ ನಿಷೇಧಿಸಿತು. ಸುಮಾರು 30,000 ಜನರು ಕೆಲಸ ಕಳೆದುಕೊಂಡರು. ಆ ನಿಷೇಧವನ್ನು ಘೋಷಿಸಿದ ಕೆನಡಾದ ಮಂತ್ರಿ ಜಾನ್ ಕ್ರಾಸ್‌ಬಿ, ಒಡಂಬಡಿಕೆಗೆ ಸಹಿ ಹಾಕಲೊಲ್ಲದ ಚೆಸ್ಲಿ ಕ್ರಾಸ್‌ಬಿಯವರ ಮಗ! ಉತ್ತರದ ಕಾಡ್ ಮೀನಿನ ಮೇಲಿನ ನಿಷೇಧ ಕೊನೆಗೊಂಡುದು 2024ರಲ್ಲಿ. ಇಷ್ಟರೊಳಗೆ ಸಮುದ್ರದಡಿಯ ತೈಲ ದ್ವೀಪದ ಪಾಲಿಗೆ ಹೊಸ ಆದಾಯವಾಗಿ ಒದಗಿತ್ತು.

ಇಲ್ಲಿ ಮನನ ಮಾಡಬೇಕಾದ ಒಂದು ಅಂಶವಿದೆ. ಸೋತವರು ಕತ್ತಿ ಹಿರಿಯಲಿಲ್ಲ. ಗೆದ್ದವರು ಅವರನ್ನು ಸೆರೆಗೆ ತಳ್ಳಲಿಲ್ಲ. ಪೀಟರ್ ಕ್ಯಾಶಿನ್ ಅವರು 1949ರಲ್ಲಿಯೇ ಹೊಸ ಪ್ರಾಂತದ ಶಾಸನಸಭೆಗೆ ಚುನಾಯಿತರಾಗಿ, ತಾವು ಬೇಡವೆಂದ ವ್ಯವಸ್ಥೆಯೊಳಗೇ ಕುಳಿತು ಸರ್ಕಾರವನ್ನು ಪ್ರಶ್ನಿಸಿದರು. ಕ್ರಾಸ್‌ಬಿಯವರ ಪಕ್ಷದ ಪರವಾಗಿ ತರುಣ ವಾಗ್ಮಿಯಾಗಿ ದುಡಿದ ಡಾನ್ ಜೇಮಿಸನ್ ಮುಂದೆ ಕೆನಡಾದ ವಿದೇಶಾಂಗ ಮಂತ್ರಿಗಳಾದರು. ಮತಪೆಟ್ಟಿಗೆ ಒಂದು ದಿನದ ಪ್ರಶ್ನೆಗೆ ಮಾತ್ರ ಉತ್ತರ ಕೊಡಬಲ್ಲುದು. ಆ ಉತ್ತರದೊಡನೆ ಬಾಳುವ ಕೆಲಸ ಎರಡು ಪಕ್ಷದವರಿಗೂ ಸೇರಿದುದು. ಗೆದ್ದವರು ಸೋತವರ ಭಯವನ್ನು ಮರೆಯದಿದ್ದರೆ, ಸೋತವರು ತಮ್ಮ ವಾದವನ್ನು ಕೈಬಿಡದೆಯೂ ನಾಡನ್ನು ಕೈಬಿಡದಿದ್ದರೆ, ಆಗ ಪ್ರಜಾಪ್ರಭುತ್ವಕ್ಕೆ ಅರ್ಥ ಬರುತ್ತದೆ.

2001ರಲ್ಲಿ ಈ ಪ್ರಾಂತದ ಹೆಸರನ್ನು ‘ನ್ಯೂಫೌಂಡ್‌ಲೆಂಡ್ ಮತ್ತು ಲ್ಯಾಬ್ರಡಾರ್’ ಎಂದು ತಿದ್ದಲಾಯಿತು. ಒಕ್ಕೂಟಕ್ಕೆ ಸೇರಿ ಮುಕ್ಕಾಲು ಶತಮಾನ ಕಳೆದರೂ ದ್ವೀಪದ ಗಡಿಯಾರ ನೆರೆಯ ಪ್ರಾಂತಗಳ ಗಡಿಯಾರಕ್ಕಿಂತ ಅರ್ಧ ಗಂಟೆ ಮುಂದಾಗಿಯೇ ನಡೆಯುತ್ತದೆ. ಜುಲೈ 1 ಕೆನಡಾಕ್ಕೆಲ್ಲ ರಾಷ್ಟ್ರೀಯ ಉತ್ಸವದ ದಿನ. ಆದರೆ ಈ ಪ್ರಾಂತದಲ್ಲಿ ಅಂದಿನ ಬೆಳಗು ಬೊಮೊಂಟ್ ಹಾಮೆಲ್ ರಣರಂಗದಲ್ಲಿ ಮಡಿದ ತರುಣರಿಗೆ ಮೀಸಲು. 2024ರ ಜುಲೈ 1ರಂದು, ಫ್ರಾನ್ಸಿನ ಮಣ್ಣಿನಲ್ಲಿ ಮಲಗಿದ್ದ ಹೆಸರು ತಿಳಿಯದ ಒಬ್ಬ ನ್ಯೂಫೌಂಡ್‌ಲೆಂಡ್ ಯೋಧನ ಅವಶೇಷವನ್ನು ತಂದು ಸೇಂಟ್ ಜಾನ್ಸ್ ನಗರದ ಯುದ್ಧಸ್ಮಾರಕದಲ್ಲಿ ಗೌರವದಿಂದ ಇರಿಸಲಾಯಿತು. ಬೆಳಗ್ಗೆ ತಮ್ಮ ಹಳೆಯ ನಾಡಿಗಾಗಿ ತಲೆಬಾಗುವ ಜನರೇ ಮಧ್ಯಾಹ್ನದ ಮೇಲೆ ಹೊಸ ನಾಡಿನ ಹಬ್ಬದಲ್ಲಿ ಸೇರುತ್ತಾರೆ.